ಎಂದೂ ತೆರೆಯದ ತುರ್ತು ಬಾಗಿಲಿಗೊಂದು ಸಮಜಾಯಿಷಿ

ಇವರಿಗೆ,
ಶ್ರೀಮದ್ ತುರ್ತು ನಿರ್ಗಮನ ದ್ವಾರ ಮಹೋದಯರು,
ಮೊದಲಿನ ವಿಳಾಸ: ಇಸ್ತ್ರಿ ವಿಭಾಗದ ಹಿಂಗೋಡೆ.
ಈಗಿನ ವಿಳಾಸ: ಬಾಯ್ಲರ್ ಕೋಣೆಯ ಪಕ್ಕದ ಸಂದು.

ವಿಷಯ: ತಮ್ಮನ್ನು ಕೀಲುಗಳಿಂದ ಬೇರ್ಪಡಿಸಿ ನೆಲಕ್ಕೆ ಕೆಡವಿದ ಬಗ್ಗೆ ವಿವರಣೆ.

ಮಾನ್ಯರೇ,

ಮೊದಲಿಗೆ ತಮ್ಮ ಹಸಿರು ಬಣ್ಣಕ್ಕೂ, ಅದರ ಮೇಲೆ ಕೆಂಪಕ್ಷರದಲ್ಲಿ ಬರೆದಿರುವ ತಮ್ಮ ಘನ ಬಿರುದಿಗೂ ನನ್ನ ವಿನಯಪೂರ್ವಕ ನಮಸ್ಕಾರಗಳು. ಸಂದಿನ ಗೋಡೆಗೆ ಒರಗಿ, ಒಂದು ಭುಜ ಇಳಿಬಿಟ್ಟು ವಿಶ್ರಮಿಸುತ್ತಿರುವ ತಮ್ಮ ದೇಹಸ್ಥಿತಿ ಹೇಗಿದೆಯೋ ತಿಳಿಯದು; ತಮ್ಮ ಬೀಗವಂತೂ ಇನ್ನೂ ಚಿಲಕಕ್ಕೆ ಜೋತುಬಿದ್ದು, ಚೌಕಟ್ಟೇ ಇಲ್ಲದ ಕಡೆಯಲ್ಲೂ ಯಾರನ್ನೂ ಹೊರಗೆ ಬಿಡುವುದಿಲ್ಲವೆಂಬ ಹಠದಲ್ಲಿ ಕಾವಲು ಕಾಯುತ್ತಿರುವುದನ್ನು ನಿನ್ನೆ ಕಣ್ಣಾರೆ ಕಂಡು, ಕರ್ತವ್ಯನಿಷ್ಠೆ ಎಂದರೆ ಇದೇ ಇರಬೇಕು ಎಂದುಕೊಂಡೆ.

ನಾನು ಈ ಬಟ್ಟೆ ತೊಳೆಯುವ ಕಾರ್ಖಾನೆಯ ಇಸ್ತ್ರಿ ವಿಭಾಗದ ಮೇಲ್ವಿಚಾರಕಿ. ಹತ್ತು ದಿನಗಳ ಹಿಂದೆ ಮ್ಯಾನೇಜರ್ ಸಾಹೇಬರಿಂದ ನನಗೊಂದು ನೋಟಿಸ್ ಬಂದಿದೆ. ಸಂಸ್ಥೆಯ ಆಸ್ತಿಯಾದ ಹಿಂಬಾಗಿಲನ್ನು ಪೂರ್ವಾನುಮತಿಯಿಲ್ಲದೆ ಕಿತ್ತು ಹಾನಿಪಡಿಸಿದ್ದೇಕೆ ಎಂಬುದಕ್ಕೆ ನಾನು ಲಿಖಿತ ಸಮಜಾಯಿಷಿ ಕೊಡಬೇಕಂತೆ. ನೋಟಿಸನ್ನು ಎರಡು ಬಾರಿ ಓದಿ, ಹಾನಿಯಾದದ್ದು ತಮಗೆ, ನೊಂದವರು ತಾವು, ಆದ್ದರಿಂದ ಉತ್ತರ ಸಲ್ಲಬೇಕಾದದ್ದೂ ತಮಗೇ ಎಂಬ ತೀರ್ಮಾನಕ್ಕೆ ಬಂದು ಈ ಪತ್ರವನ್ನು ತಮ್ಮ ಹೆಸರಿಗೇ ಬರೆಯುತ್ತಿದ್ದೇನೆ. ಒಂದು ಪ್ರತಿಯನ್ನು ಸಾಹೇಬರಿಗೂ, ಇನ್ನೊಂದನ್ನು ಕ್ಯಾಂಟೀನಿನ ಸೂಚನಾ ಫಲಕಕ್ಕೂ ಕಳಿಸಿದ್ದೇನೆ. ಮುಚ್ಚಿಡುವ ಕಲೆಯಲ್ಲಿ ತಮ್ಮಷ್ಟು ಪಳಗಿದವಳು ನಾನಲ್ಲ.

ತಾವು ಹನ್ನೊಂದು ವರ್ಷ ನಮ್ಮ ಬೆನ್ನ ಹಿಂದೆಯೇ ನಿಂತಿದ್ದರೂ ನಮ್ಮ ಪರಿಚಯವಾದದ್ದು ತಡವಾಗಿ. ಅದಕ್ಕೆ ಕಾರಣ ತಮ್ಮ ಮುಂದೆ ಸೂರಿನವರೆಗೆ ಪೇರಿಸಿಟ್ಟಿದ್ದ ಹರಿದ ಹಾಸುಬಟ್ಟೆಗಳ ಗಂಟುಗಳು. ಆಸ್ಪತ್ರೆಗಳಿಂದಲೂ ವಸತಿಗೃಹಗಳಿಂದಲೂ ಬರುವ ಹೊದಿಕೆ, ದಿಂಬಿನ ಚೀಲ, ಟವೆಲುಗಳನ್ನು ಮುಂದಿನ ಹಜಾರದಲ್ಲಿ ಯಂತ್ರಗಳು ತೊಳೆಯುತ್ತವೆ, ಹಿಂದಿನ ಹಜಾರದಲ್ಲಿ ನಾವು ಇಪ್ಪತ್ತೆರಡು ಮಂದಿ ಹೆಂಗಸರು ಇಸ್ತ್ರಿ ಹಾಕಿ ಮಡಚುತ್ತೇವೆ. ನಾವು ಒಳಗೆ ಬರಬೇಕಾದರೂ ಹೊರಗೆ ಹೋಗಬೇಕಾದರೂ ತೊಳೆಯುವ ಹಜಾರವನ್ನು ಹಾದೇ ಹೋಗಬೇಕು. ಕಿಟಕಿಗಳಿಗೆ ಕಬ್ಬಿಣದ ಸರಳು, ಗೋಡೆಯ ತುದಿಯಲ್ಲಿ ಎರಡು ಫ್ಯಾನು, ಅವುಗಳಲ್ಲಿ ಒಂದು ತಿರುಗುತ್ತದೆ. ಇನ್ನೊಂದು ದಾರಿ ಎಂದಿದ್ದರೆ ಅದು ತಾವು.

ತಮ್ಮನ್ನು ನಾನು ಗುರುತಿಸಿದ್ದು ವಿದ್ಯೆಯ ಫಲವಾಗಿ. ನಲವತ್ತೆರಡನೆಯ ವಯಸ್ಸಿನಲ್ಲಿ, ಕೆಲಸ ಬಿಡದೆ ಓದಬಹುದಾದ ಔದ್ಯೋಗಿಕ ಸುರಕ್ಷತೆ ಮತ್ತು ಪರಿಸರ ನಿರ್ವಹಣೆಯ ಎರಡು ವರ್ಷದ ಡಿಪ್ಲೊಮಾಕ್ಕೆ ನಾನು ಸೇರಿದೆ. ಸೇರಿದ್ದಕ್ಕೆ ದೊಡ್ಡ ಆದರ್ಶವೇನೂ ಇರಲಿಲ್ಲ; ಹಬೆಯಲ್ಲಿ ಹದಿನಾರು ವರ್ಷ ನಿಂತ ಮೇಲೆ ಕೂತು ಮಾಡುವ ಕೆಲಸವೊಂದು ಸಿಕ್ಕೀತೇ ಎಂಬ ಆಸೆ, ಅಷ್ಟೇ. ತರಗತಿಗಳು ರಜೆಯ ದಿನ, ಚಿಕ್ಕ ಮಕ್ಕಳ ಶಾಲೆಯೊಂದರ ಎರಡನೆಯ ಮಹಡಿಯಲ್ಲಿ ನಡೆಯುತ್ತಿದ್ದವು. ಬೆಂಚುಗಳು ಮಕ್ಕಳ ಅಳತೆಯವು. ಕ್ರೇನ್ ಓಡಿಸುವವನೊಬ್ಬ, ಆಸ್ಪತ್ರೆಯ ಕಸ ವಿಂಗಡಿಸುವವಳೊಬ್ಬಳು, ನಾನು, ಮೂವರೂ ಮೊಣಕಾಲನ್ನು ಗಲ್ಲಕ್ಕೆ ಆನಿಸಿಕೊಂಡು, ಕೂರುವ ಸರಿಯಾದ ಭಂಗಿ ಯಾವುದು ಎಂಬ ಪಾಠವನ್ನು ಬರೆದುಕೊಂಡೆವು.

ಪಾಠ ಹೇಳುತ್ತಿದ್ದವರು ಅಗ್ನಿಶಾಮಕ ದಳದಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಮಾತಾಡಿದರೆ ಬೀದಿಯ ಕೊನೆಗೂ ಕೇಳಿಸುತ್ತಿದ್ದುದರಿಂದ ಅವರಿಗೆ ಸೈರನ್ ಮೇಷ್ಟ್ರು ಎಂಬ ಹೆಸರು ಬಿದ್ದಿತ್ತು. ಓದಿಗೆ ನನಗೆ ಸಿಗುತ್ತಿದ್ದ ಸಮಯ ಎಂದರೆ ಬಸ್ಸಿನಲ್ಲಿ ಹೋಗಿಬರುವ ಒಂದೂವರೆ ಗಂಟೆ, ಊಟದ ಬಿಡುವು, ಸಂಜೆ ಮಗಳು ತನ್ನ ಪರೀಕ್ಷೆಗೆ ಓದುವಾಗ ಅದೇ ಮೇಜಿನ ಎದುರು ಮಗ್ಗುಲು. "ಅಮ್ಮ, ನೀನು ಗಟ್ಟಿಯಾಗಿ ಓದಿದ್ರೆ ನನ್ನ ತಲೇಲಿ ನಿನ್ನ ಬೆಂಕಿ ನಂದಿಸೋ ಸಿಲಿಂಡರ್ ಎಲ್ಲ ಬಂದು ಕೂತ್ಕೊಳುತ್ತೆ" ಎಂದು ಅವಳ ದೂರು. ನಮ್ಮ ಅತ್ತೆಗೆ ಅಕ್ಷರ ಬಾರದು, ಆದರೆ ಅವರೇ ನನ್ನ ಪರೀಕ್ಷಕರು. ಪಾತ್ರೆ ಒರೆಸುತ್ತಾ, "ಹೊಗೆ ಬಂದ್ರೆ ಏನ್ ಮಾಡ್ಬೇಕು, ಹೇಳು" ಎನ್ನುವರು. "ಬಗ್ಗಿ ನಡೀಬೇಕು, ಹೊಗೆ ಮೇಲಕ್ಕೆ ಹೋಗುತ್ತೆ" ಎಂದರೆ, "ನಿನ್ನೇನೂ ಅದನ್ನೇ ಹೇಳ್ದೆ, ಸರಿ ಇರ್ಬೇಕು" ಎಂದು ಅಂಕ ಕೊಡುವರು.

ಮೂರನೆಯ ಸೆಮಿಸ್ಟರಿನಲ್ಲಿ ಪ್ರತಿಯೊಬ್ಬರೂ ತಮ್ಮ ತಮ್ಮ ಕೆಲಸದ ಜಾಗದ ಒಂದು ಅಪಾಯವನ್ನು ಆರಿಸಿ, ಅಳೆದು, ಪರಿಹಾರ ಹುಡುಕಿ ವರದಿ ಕೊಡಬೇಕಿತ್ತು. ನಾನು ಆರಿಸಿದ್ದು ತಮ್ಮನ್ನು. ಹನ್ನೊಂದು ವರ್ಷದಲ್ಲಿ ಯಾರೂ ತಿರುಗಿ ನೋಡದ ತಮಗೆ ಇದು ಸಂತೋಷದ ಸಂಗತಿಯಾಗಿತ್ತೆಂದು ಭಾವಿಸುತ್ತೇನೆ. ಗಂಟುಗಳ ನಡುವೆ ತೂರಿಕೊಂಡು, ಟೇಪು ಹಿಡಿದು, ತಮ್ಮ ಎತ್ತರ, ಅಗಲ, ಬೀಗದ ತೂಕ ಎಲ್ಲವನ್ನೂ ಬರೆದುಕೊಂಡೆ. ದೋಷಗಳ ಪಟ್ಟಿ ಹೀಗಿತ್ತು: ತಮಗೆ ಬೀಗ ಹಾಕಲಾಗಿದೆ; ತಮ್ಮ ಮುಂದೆ ನಲವತ್ತಮೂರು ಗಂಟುಗಳಿವೆ; ಹೊರಕ್ಕೆ ತೆರೆಯಬೇಕಾದ ತಾವು ಒಳಕ್ಕೆ ತೆರೆಯುತ್ತೀರಿ, ಹಾಗಾಗಿ ತಮ್ಮ ಕೀಲುಗಳು ಒಳಮಗ್ಗುಲಲ್ಲಿವೆ. ಕೀಲಿಕೈ ಎಲ್ಲಿದೆ ಎಂಬ ಕಾಲಮ್ಮನ್ನು ಖಾಲಿ ಬಿಟ್ಟು ಸಾಹೇಬರ ಬಳಿ ಹೋದೆ.

ಸಾಹೇಬರು ಕೆಟ್ಟವರಲ್ಲ, ಮಾನ್ಯರೇ. ನನ್ನ ಓದಿಗೆ ಪ್ರೋತ್ಸಾಹವೆಂದು ಹಾಜರಿಯಲ್ಲಿ ಹತ್ತು ನಿಮಿಷ ಬಿಟ್ಟುಕೊಟ್ಟವರು. "ಕೀಲಿಕೈ ನಮ್ಮನೇಲಿ ಭದ್ರವಾಗಿದೆಯಮ್ಮ" ಎಂದರು. ಐದು ವರ್ಷದ ಹಿಂದೆ ಯಾರೋ ಹಿಂಬಾಗಿಲಿನಿಂದ ಟವೆಲು ಸಾಗಿಸಿಯಾರೆಂಬ ಗುಮಾನಿ ಬಂದಿತ್ತಂತೆ. ಅಂದಿನಿಂದ ಕೀಲಿಕೈ ಅವರ ದೇವರ ಕೋಣೆಯಲ್ಲಿದೆ. ಬೆಂಕಿ ಬಿದ್ದರೆ ಎಂದು ಕೇಳಿದೆ. "ಫೋನ್ ಮಾಡಿ. ನಮ್ಮನೆ ಇಲ್ಲಿಂದ ಇಪ್ಪತ್ತೇ ನಿಮಿಷ, ಟ್ರಾಫಿಕ್ ಇಲ್ದಿದ್ರೆ" ಎಂದರು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವವರನ್ನು ಗಾದೆಯಲ್ಲಿ ಕೇಳಿದ್ದೆ; ಹಾರೆಯನ್ನು ಇನ್ನೊಂದು ಊರಿನಲ್ಲಿಟ್ಟು ಬಾವಿ ತೋಡುವವರನ್ನು ಅಂದೇ ನೋಡಿದ್ದು.

ಆಮೇಲೆ, ತಮ್ಮ ಬೀಗ ತೆಗೆಸಿ ಗಂಟು ಸರಿಸಿ ಎಂದು ನಾನು ಏಳು ಪತ್ರ ಬರೆದೆ. ಪ್ರತಿಯೊಂದಕ್ಕೂ ಕಚೇರಿಯಲ್ಲಿ ಸ್ವೀಕೃತಿಯ ಮುದ್ರೆ ಒತ್ತಿಸಿಕೊಂಡೆ, ಅದೂ ಪಾಠದಲ್ಲಿ ಕಲಿತದ್ದೇ. ಐದನೆಯ ಪತ್ರದ ಹೊತ್ತಿಗೆ ತಪಾಸಣಾಧಿಕಾರಿಗಳು ಬರುತ್ತಾರೆಂಬ ಸುದ್ದಿ ಬಂದು, ಅಂತೂ ತಮ್ಮ ಭಾಗ್ಯದ ಬಾಗಿಲು ತೆರೆಯಿತು, ತಾವು ತೆರೆಯಲಿಲ್ಲ. ಬೀಗ, ಕೀಲು, ಚಿಲಕ ಯಾವುದನ್ನೂ ಬಿಡದೆ ತಮಗೆ ದಪ್ಪನಾಗಿ ಹಸಿರು ಬಣ್ಣ ಬಳಿದರು, ಕೆಂಪಕ್ಷರ ಬರೆಸಿದರು, ಗಂಟುಗಳಿಗೆ ಬಿಳಿ ಹಾಸು ಹೊದಿಸಿದರು. ಅಧಿಕಾರಿಗಳು ಹತ್ತು ಹೆಜ್ಜೆ ದೂರದಲ್ಲಿ ನಿಂತು, "ಅಕ್ಷರ ಚೆನ್ನಾಗಿ ಕಾಣಿಸುತ್ತೆ" ಎಂದು ಬರೆದುಕೊಂಡು ಹೋದರು. ಓದಲು ಬಂದರೆ ಸಾಕು, ಹೊರಗೆ ಹೋಗಲೇಬೇಕೆಂದೇನಿಲ್ಲ ಎಂಬ ಈ ತತ್ವ ನಮ್ಮ ಪಠ್ಯದಲ್ಲಿರಲಿಲ್ಲ. ಹಿಂದಿನ ಚರಂಡಿಯಲ್ಲಿ ಮೊಣಕಾಲೆತ್ತರ ನಿಂತ ನೊರೆಯನ್ನೂ ಅವರು ಕಂಡರು. ಸಾಹೇಬರು, "ಸೋಪಿನ ನೊರೆ ಸಾರ್, ಚರಂಡೀನೂ ತೊಳೆದಂಗಾಯ್ತು" ಎಂದರು. ನನ್ನ ಪುಸ್ತಕದ ಎರಡನೆಯ ಭಾಗವಾದ ಪರಿಸರ ನಿರ್ವಹಣೆ ಅಲ್ಲಿಗೆ ಮುಗಿಯಿತು.

ಪತ್ರದಿಂದ ಗಂಟು ಸರಿಯುವುದಿಲ್ಲವೆಂದು ತಿಳಿದ ಮೇಲೆ ನಾನೂ ಮಡಿಕೆ ಅಕ್ಕನೂ ಊಟದ ಬಿಡುವಿನಲ್ಲಿ ದಿನಕ್ಕೊಂದೆರಡು ಗಂಟು ಎಳೆದು ಬದಿಗಿಡತೊಡಗಿದೆವು. ಮಡಿಕೆ ಅಕ್ಕ ನನಗಿಂತ ಹನ್ನೆರಡು ವರ್ಷ ದೊಡ್ಡವರು. ಜೋಡಿ ಹಾಸಿಗೆಯ ಹೊದಿಕೆಯನ್ನು ಮೂರೇ ಏಟಿಗೆ ಮಡಚುವ ಅವರ ಕೈಗೆ ಸಂದ ಬಿರುದು ಅದು. ನಾವು ಎರಡು ಸರಿಸಿದರೆ ಉಗ್ರಾಣದವನು ಒಂದನ್ನು ತಂದು ಮತ್ತೆ ಪೇರಿಸುತ್ತಿದ್ದ. "ಇದೇನಮ್ಮ ಇದು, ಪರೀಕ್ಷೆ ನಿನಗೆ, ಬೆನ್ನುನೋವು ನನಗೆ" ಎಂದು ಅಕ್ಕ ಗೊಣಗುತ್ತಿದ್ದರೂ ಮರುದಿನ ನನಗಿಂತ ಮುಂಚೆ ಬಂದು ಗಂಟಿನ ಕಿವಿ ಹಿಡಿದಿರುತ್ತಿದ್ದರು. ಆರು ವಾರದಲ್ಲಿ ಒಬ್ಬರು ನುಸುಳುವಷ್ಟು ಹಾದಿಯಾಯಿತು. ತಮ್ಮ ಮುಖ ನಮಗೆಲ್ಲ ಮೊದಲ ಬಾರಿಗೆ ಪೂರ್ತಿ ಕಂಡಿತು.

ಈ ಮಧ್ಯೆ ಒಂದು ಸಂಜೆ ನಮ್ಮ ಮನೆಯವರು ನಾನು ಬರೆದ ತಮ್ಮ ಚಿತ್ರವನ್ನು ನೋಡಿದರು. ಅವರು ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಯಾವ ವಸ್ತುವನ್ನು ಕಂಡರೂ ಅದು ಹೇಗೆ ಬಿಚ್ಚಿಕೊಳ್ಳುತ್ತದೆ ಎಂದೇ ಯೋಚಿಸುವ ಪೈಕಿ. "ಬೀಗ ಎಷ್ಟ್ ದೊಡ್ಡದಿದ್ರೇನು, ಕೀಲು ಒಳಗಡೆ ಇದೆಯಲ್ಲ. ಕೆಳಗಿಂದ ಒಂದು ಸರಳು ಕೊಟ್ಟು ಏಟು ಹಾಕಿದ್ರೆ ಪಿನ್ನು ಮೇಲಕ್ಕೆದ್ದು ಬರುತ್ತೆ" ಎಂದು ಹೇಳಿ ಊಟಕ್ಕೆ ಕೂತರು. ತಮ್ಮ ಗೌರವಕ್ಕೆ ಕುಂದು ತರುವ ಈ ಮಾತನ್ನು ನಾನು ವರದಿಯಲ್ಲಿ ಸೇರಿಸಲಿಲ್ಲ. ಮರೆಯಲೂ ಇಲ್ಲ.

ಇನ್ನು ಆ ದಿನದ ವಿಚಾರ. ಮಾನ್ಯರೇ, ಇಲ್ಲಿಯವರೆಗೆ ಹಾಸ್ಯದ ಹಾಸಿನ ಮೇಲೆ ಕೂರಿಸಿಕೊಂಡು ಬಂದ ತಮ್ಮನ್ನು ಸ್ವಲ್ಪ ಹೊತ್ತು ಬರಿ ನೆಲದ ಮೇಲೆ ಕೂರಿಸಬೇಕಾಗಿದೆ, ಕ್ಷಮಿಸಬೇಕು.

ತೊಳೆಯುವ ಹಜಾರದಲ್ಲಿ ಎರಡು ಬಗೆಯ ದ್ರವಗಳು ಬಳಕೆಯಾಗುತ್ತವೆ. ಒಂದು ಕಲೆ ತೆಗೆಯುವ ಬ್ಲೀಚು. ಇನ್ನೊಂದು, ಕೊನೆಯ ಸಲ ನೀರಿನಲ್ಲಿ ಜಾಲಾಡುವಾಗ ಸೋಪಿನ ಜಿಡ್ಡು ತೆಗೆಯಲು ಹಾಕುವ ಆಸಿಡ್ಡು. ಎರಡೂ ಒಂದೇ ಬಗೆಯ ನೀಲಿ ಡ್ರಮ್ಮುಗಳಲ್ಲಿರುತ್ತವೆ. ಡ್ರಮ್ಮುಗಳನ್ನು ಮತ್ತೆ ಮತ್ತೆ ತುಂಬಿಸುವುದರಿಂದ ಚೀಟಿಗಳು ಎಂದೋ ಕಿತ್ತುಹೋಗಿವೆ. ಅವನ್ನು ಹೊತ್ತು ಸುರಿಯುವ ಕೆಲಸ ಡ್ರಮ್ಮಣ್ಣನದು. ಐವತ್ತೈದು ದಾಟಿದ, ಮಾತು ಕಡಿಮೆಯ ಮನುಷ್ಯ. ನಮ್ಮ ಹಜಾರಕ್ಕೆ ಕುಡಿಯುವ ನೀರಿನ ಕ್ಯಾನನ್ನೂ ಅವನೇ ತಂದಿಡುತ್ತಿದ್ದ, ಯಾರೂ ಹೇಳದೆಯೇ. ಅಂದು ಯಾವುದೋ ದೊಡ್ಡ ಗಿರಾಕಿಯವರು ಕಾರ್ಖಾನೆ ನೋಡಲು ಬರುವವರಿದ್ದರು. ಹಜಾರ ಚೊಕ್ಕಟವಾಗಿ ಕಾಣಲೆಂದು ಸಾಹೇಬರು, "ಎರಡು ಅರ್ಧ ಅರ್ಧ ಡ್ರಮ್ ಯಾಕೆ, ಒಂದ್ ಮಾಡು" ಎಂದರು. "ಎರಡೂ ಒಂದೇನಾ ಸಾರ್?" ಎಂದು ಡ್ರಮ್ಮಣ್ಣ ಕೇಳಿದನಂತೆ. "ಎರಡೂ ಬಟ್ಟೆ ಬಿಳಿ ಮಾಡೋದೇ ಅಲ್ವೇನಯ್ಯ" ಎಂದು ಸಾಹೇಬರು ಫೋನು ಎತ್ತಿಕೊಂಡು ಗೇಟಿನ ಕಡೆ ಹೊರಟರಂತೆ. ಡ್ರಮ್ಮಣ್ಣ ಒಂದನ್ನು ಇನ್ನೊಂದರೊಳಗೆ ಸುರಿದ.

ನಮಗೆ ಮೊದಲು ಬಂದದ್ದು ವಾಸನೆ, ಗಂಟಲಿಗೆ ಸೂಜಿ ಇಳಿಸಿದಂಥದು. ಆಮೇಲೆ ಆಚೆಯಿಂದ ಕೆಮ್ಮು, ಯಾರೋ ಬಿದ್ದ ಸದ್ದು. ಬಾಗಿಲ ಕಡೆ ನೋಡಿದರೆ ಹಳದಿ ಹಸಿರು ಬಣ್ಣದ ಮಬ್ಬು ನೆಲಕ್ಕೆ ಅಂಟಿಕೊಂಡು, ಚೆಲ್ಲಿದ ಗಂಜಿಯ ಹಾಗೆ ನಿಧಾನವಾಗಿ ನಮ್ಮ ಹಜಾರಕ್ಕೆ ಹರಿದು ಬರುತ್ತಿತ್ತು. ಬೆಂಕಿ ಬಿದ್ದರೆ ಏನು ಮಾಡಬೇಕೆಂದು ಗೋಡೆಗೆ ಅಂಟಿಸಿದ್ದ ಭಿತ್ತಿಪತ್ರ ಹೇಳಿಕೊಟ್ಟಂತೆ ಹೆಂಗಸರೆಲ್ಲ ಸೆರಗು, ಟವೆಲು ಮೂಗಿಗೆ ಹಿಡಿದು ಕುಕ್ಕರುಗಾಲಲ್ಲಿ ಕೂರತೊಡಗಿದರು. ನಾನೂ ಸೆರಗು ಹಿಡಿದು ಬಗ್ಗತೊಡಗಿದೆ. ಅದೇ ಹೊತ್ತಿಗೆ, ಎಲ್ಲಿತ್ತೋ ಏನೋ, ಸೈರನ್ ಮೇಷ್ಟ್ರ ದನಿ ಕಿವಿಯಲ್ಲಿ ಕೇಳಿಸಿತು: ಹೊಗೆ ಏರುತ್ತದೆ, ಬ್ಲೀಚಿಗೆ ಆಸಿಡ್ಡು ಬಿದ್ದರೆ ಏಳುವ ಕ್ಲೋರಿನ್ ಗಾಳಿ ಇಳಿಯುತ್ತದೆ. "ಬಗ್ಗಬೇಡಿ, ಎದ್ದು ನೆಟ್ಟಗೆ ನಿಲ್ಲಿ, ಹಿಂದಕ್ಕೆ ಬನ್ನಿ" ಎಂದು ಕೂಗಿದೆ. ನಾನು ಅಷ್ಟು ಗಟ್ಟಿಯಾಗಿ ಕೂಗಬಲ್ಲೆನೆಂದು ನನಗೇ ಗೊತ್ತಿರಲಿಲ್ಲ. ಎದ್ದವರು ಏಳದವರ ರಟ್ಟೆ ಹಿಡಿದೆಬ್ಬಿಸಿದರು. ಗಂಟುಗಳ ನಡುವಿನ ಹಾದಿಯಲ್ಲಿ ಒಬ್ಬರ ಹಿಂದೊಬ್ಬರಾಗಿ ತಮ್ಮ ಸನ್ನಿಧಾನಕ್ಕೆ ಬಂದೆವು.

ಅಲ್ಲಿ ತಾವು ತಮ್ಮ ಸ್ಥಾನದಲ್ಲಿ ಅಚಲರಾಗಿದ್ದಿರಿ. ಇಪ್ಪತ್ತೆರಡು ಮಂದಿ ಹೆಂಗಸರು ಕೆಮ್ಮುತ್ತ ಅಳುತ್ತ ಎದುರಿಗೆ ನಿಂತರೂ ಕರಗದ ಮನಸ್ಸು ತಮ್ಮದು. ಬಟ್ಟೆ ಸಾಗಿಸುವ ಗಾಡಿಯ ಅಚ್ಚಿನ ಸರಳು ಸಡಿಲವಾಗಿದ್ದುದು ನೆನಪಾಗಿ ಅದನ್ನು ಎಳೆದು ತಂದೆ. ಮಡಿಕೆ ಅಕ್ಕ, ವಿದ್ಯುತ್ತಿಲ್ಲದಾಗ ಬಳಸುವ ಹಳೆಯ ಕೆಂಡದ ಇಸ್ತ್ರಿಪೆಟ್ಟಿಗೆಯನ್ನು ಎರಡು ಕೈಯಲ್ಲೆತ್ತಿದರು. ನಾನು ಸರಳನ್ನು ಕೆಳಗಿನ ಕೀಲಿಗೆ ಕೊಟ್ಟು ಹಿಡಿದೆ, ಅವರು ಏಟು ಹಾಕಿದರು. ತಪಾಸಣೆಗಾಗಿ ಬಳಿದ ಬಣ್ಣ ಪಿನ್ನುಗಳನ್ನು ಬೆಸುಗೆ ಹಾಕಿದಂತೆ ಹಿಡಿದಿತ್ತು. ಒಂಬತ್ತು ಏಟಿಗೆ ಮೊದಲನೆಯದು ಬಂತು, ಎರಡನೆಯದಕ್ಕೆ ಎಷ್ಟೋ, ಎಣಿಸುವ ಸ್ಥಿತಿ ಇರಲಿಲ್ಲ. ಮೂರನೆಯದು ಬರಲೇ ಇಲ್ಲ. ಆಗ ಏಳೆಂಟು ಜನ ತಮ್ಮ ಅಂಚಿಗೆ ಬೆರಳು ತೂರಿಸಿ ಒಟ್ಟಿಗೆ ಎಳೆದೆವು. ಮರ ಸೀಳಿದ ಸದ್ದಾಗಿ ತಾವು ಹನ್ನೊಂದು ವರ್ಷಗಳಲ್ಲಿ ಮೊದಲ ಬಾರಿಗೆ ನಮ್ಮ ಕಡೆ ವಾಲಿ, ನನ್ನ ಬಲಗಾಲಿನ ಹೆಬ್ಬೆರಳ ಮೇಲೆ ಪ್ರೀತಿಯಿಂದ ಒರಗಿದಿರಿ. ಒಳಕ್ಕೆ ತೆರೆಯುವ ಬಾಗಿಲು ತಪ್ಪು ಎಂದು ನಾನು ಬರೆದಿದ್ದೆನಲ್ಲ, ಆ ತಪ್ಪೇ ಇಲ್ಲದಿದ್ದರೆ ಕೀಲುಗಳು ಹೊರಗಿರುತ್ತಿದ್ದವು, ಈ ಪತ್ರವೂ ಇರುತ್ತಿರಲಿಲ್ಲ. ಆ ಮಟ್ಟಿಗೆ ತಮ್ಮ ದೋಷಕ್ಕೆ ನಾವು ಋಣಿಗಳು.

ಹೊರಗೆ ಕಾಲಿಟ್ಟದ್ದು ನೊರೆಯ ಚರಂಡಿಗೆ. ಹೀಗೆ ನಮ್ಮ ಪಠ್ಯದ ಮೊದಲ ಭಾಗದಿಂದ ಪಾರಾಗಿ ಎರಡನೆಯ ಭಾಗದಲ್ಲಿ ಮೊಣಕಾಲಿನವರೆಗೆ ಮುಳುಗಿ, ಕೆಮ್ಮಿ, ವಾಂತಿ ಮಾಡಿ, ಒಬ್ಬರನ್ನೊಬ್ಬರು ಎಣಿಸಿಕೊಂಡೆವು. ಎಲ್ಲರೂ ಇದ್ದೆವು. ಯಂತ್ರದವರು ಮುಂಬಾಗಿಲಿನಿಂದ ಓಡಿ ಪಾರಾಗಿದ್ದರು. ಡ್ರಮ್ಮಣ್ಣನನ್ನು ಮಾತ್ರ ಹೊತ್ತು ತರಬೇಕಾಯಿತು.

ಅವನು ಹತ್ತೊಂಬತ್ತು ದಿನ ಆಸ್ಪತ್ರೆಯಲ್ಲಿದ್ದ. ಕಾರ್ಖಾನೆಯ ಅಪಘಾತ ಪುಸ್ತಕದಲ್ಲಿ ಈ ಸಂಗತಿ, 'ಒಬ್ಬ ಕೆಲಸಗಾರನಿಗೆ ಕೆಮ್ಮು' ಎಂದು ದಾಖಲಾಗಿದೆ. ಅಷ್ಟು ಕಡಿಮೆ ಮಾತಿನಲ್ಲಿ ಅಷ್ಟೊಂದನ್ನು ಬಿಟ್ಟುಬಿಡುವ ಶೈಲಿ ನನಗೆ ಎಂದೂ ಸಿದ್ಧಿಸುವುದಿಲ್ಲ.

ಎಂಟನೆಯ ದಿನ ನಾನು ಅವನನ್ನು ನೋಡಲು ಹೋದೆ. ಅವನಿಗೆ ಹೊದಿಸಿದ್ದ ಹೊದಿಕೆ ನಾವೇ ಇಸ್ತ್ರಿ ಹಾಕಿ ಕಳಿಸಿದ್ದು. ಮೂಲೆಯ ಗುರುತು ನೋಡಿದೆ. ಪಕ್ಕದಲ್ಲಿ ಅವನ ಹೆಂಡತಿ ಕೂತಿದ್ದರು. ಅವನು ಅರ್ಧ ಉಸಿರಿನಲ್ಲಿ ಕೇಳಿದ್ದು ಒಂದೇ ಮಾತು: "ನಾನು ಸುರಿದದ್ದು ಏನಮ್ಮ?" ಹೇಳಿದೆ. ಎರಡರ ಹೆಸರನ್ನೂ, ಅವು ಸೇರಿದರೆ ಏನಾಗುತ್ತದೆಂಬುದನ್ನೂ ಹೇಳಿದೆ. ಅವನು, "ಹೆಸರು ಗೊತ್ತಿದ್ರೆ ಸುರೀತಿರ್ಲಿಲ್ಲ" ಎಂದ. ಅವನ ಹೆಂಡತಿ ನನ್ನನ್ನು ನೋಡಿ, "ನಿಮಗೆ ಮೊದಲೇ ಗೊತ್ತಿತ್ತಾ?" ಎಂದರು. ದೂರುವ ದನಿಯಲ್ಲಲ್ಲ, ಸುಮ್ಮನೆ ತಿಳಿದುಕೊಳ್ಳಲು.

ಗೊತ್ತಿತ್ತು, ಮಾನ್ಯರೇ. ಈ ಪತ್ರದಲ್ಲಿ ನಿಜವಾದ ಸಮಜಾಯಿಷಿ ಏನಾದರೂ ಇದ್ದರೆ ಅದು ಇದೊಂದೇ. ವರದಿಗೆ ಯಾವ ಅಪಾಯವನ್ನು ಆರಿಸಲಿ ಎಂದು ಪಟ್ಟಿ ಮಾಡಿದಾಗ ಮೊದಲನೆಯ ಸಾಲಿನಲ್ಲಿ ನಾನು ಬರೆದದ್ದು 'ಚೀಟಿಯಿಲ್ಲದ ಡ್ರಮ್ಮುಗಳು' ಎಂದು. ಎರಡನೆಯ ಸಾಲಿನಲ್ಲಿದ್ದವರು ತಾವು. "ಯಾವುದು ಮೊದಲು ಕೊಲ್ಲುತ್ತೋ ಅದನ್ನ ತಗೊಳಮ್ಮ" ಎಂದಿದ್ದರು ಮೇಷ್ಟ್ರು. ನಾನು ತಮ್ಮನ್ನು ತೆಗೆದುಕೊಂಡೆ, ಯಾಕೆಂದರೆ ತಮ್ಮನ್ನು ಟೇಪಿನಲ್ಲಿ ಅಳೆಯಬಹುದಿತ್ತು, ಫೋಟೋ ಹಿಡಿಯಬಹುದಿತ್ತು, ಒಳ್ಳೆಯ ಅಂಕ ಬರುತ್ತಿತ್ತು. ಡ್ರಮ್ಮಿನ ವಿಚಾರಕ್ಕೆ ಕೈಹಾಕಿದ್ದರೆ ಒಳಗೇನಿದೆ ಎಂಬ ಕಾಗದಗಳನ್ನು ಕಚೇರಿಯಲ್ಲಿ ಕೇಳಿ ಮುಖ ಕೆಡಿಸಿಕೊಳ್ಳಬೇಕಿತ್ತು. ಡ್ರಮ್ಮಣ್ಣನಿಗೆ ಬಾಯಿಮಾತಿನಲ್ಲಿ ಹೇಳಲು ಯಾರ ಅನುಮತಿಯೂ ಬೇಕಿರಲಿಲ್ಲ. ಅವನು ದಿನಾ ನನ್ನ ಮೇಜಿನ ಪಕ್ಕ ನೀರಿನ ಕ್ಯಾನು ಇಟ್ಟು ಹೋಗುತ್ತಿದ್ದಾಗ ನಾನು ಅವನಿಗೆ ಬೆನ್ನು ಹಾಕಿ ತಮ್ಮ ಚಿತ್ರಕ್ಕೆ ಗೆರೆ ಹಾಕುತ್ತಿದ್ದೆ. ಡ್ರಮ್ಮಣ್ಣನ ಹೆಂಡತಿಯ ಪ್ರಶ್ನೆಗೆ ಹೌದು ಎಂದೆ. ಅವರು ತಲೆಯಾಡಿಸಿ, ಗಂಡನ ಹೊದಿಕೆ ಸರಿಮಾಡಿದರು. ನಾನು ಅಲ್ಲಿಂದ ಎದ್ದು ಬಂದದ್ದು ಹೇಗೋ ನೆನಪಿಲ್ಲ.

ಮರುದಿನ ಕೆಲಸದ ಗಂಟೆ ಹೊಡೆದಾಗ ನಾನು ಒಳಗೆ ಹೋಗಲಿಲ್ಲ. ಗೇಟಿನ ಬಳಿ ಕಲ್ಲಿನ ಮೇಲೆ ಕೂತೆ. ಡ್ರಮ್ಮುಗಳ ಮೇಲೆ ಗುರುತು ಬರುವವರೆಗೆ ಏಳುವುದಿಲ್ಲವೆಂದೆ. ಒಬ್ಬಳೇ ಕೂರುವ ಲೆಕ್ಕಾಚಾರ ನನ್ನದು. ಮಡಿಕೆ ಅಕ್ಕ ಬಂದು, "ಸರಿದು ಕೂತ್ಕೋ" ಎಂದರು. ಅವರ ಹಿಂದೆ ಒಬ್ಬೊಬ್ಬರಾಗಿ ಉಳಿದವರೂ ಬಂದು ಕಲ್ಲು ಸಾಲದೆ ಹೋಯಿತು. ಸಾಹೇಬರು ಬೆಳಿಗ್ಗೆಯಿಂದ ಮೂರು ಬಾರಿ ಬಂದು, ಒಮ್ಮೆ ಗದರಿಸಿ, ಒಮ್ಮೆ ಬೇಡಿಕೊಂಡು, ಒಮ್ಮೆ ಗಡಿಯಾರ ತೋರಿಸಿ ಹೋದರು. ಹನ್ನೊಂದಕ್ಕೆ ಯಜಮಾನರೇ ಬಂದರು. ಅವರನ್ನು ನಾವು ನೋಡಿದ್ದು ಕ್ಯಾಲೆಂಡರಿನ ಫೋಟೋದಲ್ಲಿ ಮಾತ್ರ. "ಇದನ್ನ ನನಗೆ ಯಾರೂ ಯಾಕೆ ಹೇಳ್ಲಿಲ್ಲ?" ಎಂದು ಕೇಳಿದರು. ನಾನು ಬ್ಯಾಗಿನಿಂದ, ತಮ್ಮ ಬಗ್ಗೆ ಬರೆದು ಮುದ್ರೆ ಒತ್ತಿಸಿದ್ದ ಏಳು ಪತ್ರಗಳನ್ನು ತೆಗೆದುಕೊಟ್ಟೆ; ಡ್ರಮ್ಮಿನ ವಿಚಾರವನ್ನು ಬಾಯಲ್ಲೇ ಹೇಳಿದೆ. ಅವರು ಬಿಸಿಲಿನಲ್ಲಿ ನಿಂತೇ ಎಲ್ಲವನ್ನೂ ಓದಿದರು. ಓದಿ ಯಾರನ್ನೂ ಬೈಯಲಿಲ್ಲ, ನಮಗೆ ಕೈಮುಗಿಯಲೂ ಇಲ್ಲ. ಮಧ್ಯಾಹ್ನ ಎರಡು ಡಬ್ಬಿ ಬಣ್ಣ ಬಂತು, ಡ್ರಮ್ಮಣ್ಣನ ಆಸ್ಪತ್ರೆಯ ಖರ್ಚು ಸಂಸ್ಥೆಯದೆಂಬ ಕಾಗದವೂ ಬಂತು. ಈಗ ಬ್ಲೀಚಿನ ಡ್ರಮ್ಮಿಗೆ ಬಿಳಿ ಪಟ್ಟಿ, ಆಸಿಡ್ಡಿಗೆ ಕೆಂಪು ಪಟ್ಟಿ. ಒಂದನ್ನು ಹಜಾರದ ಈ ತುದಿಯಲ್ಲಿ, ಇನ್ನೊಂದನ್ನು ಆ ತುದಿಯಲ್ಲಿ ಇಡುತ್ತಾರೆ. ಡ್ರಮ್ಮಣ್ಣ ಮೊನ್ನೆ ಕೆಲಸಕ್ಕೆ ಮರಳಿದ. ಭಾರ ಎತ್ತುವಂತಿಲ್ಲ, ಮೆಟ್ಟಿಲು ಹತ್ತಿದರೆ ನಡುವೆ ನಿಲ್ಲುತ್ತಾನೆ. ಗೇಟಿನಲ್ಲಿ ಕೂತು ಒಳಗೆ ಬರುವ ಪ್ರತಿ ಡ್ರಮ್ಮನ್ನೂ ತಡೆದು, ಅದರ ಹೆಸರು ಹೇಳದ ಹೊರತು ಲಾರಿಯವರನ್ನು ಬಿಡುವುದಿಲ್ಲ. ಮೊದಲೇ ಮಾತು ಕಡಿಮೆ. ಈಗ ಇರುವ ಉಸಿರನ್ನೆಲ್ಲ ಆ ಒಂದು ಪ್ರಶ್ನೆಗೇ ಮೀಸಲಿಟ್ಟಿದ್ದಾನೆ.

ತಮ್ಮ ಕುರಿತ ನನ್ನ ವರದಿಗೆ ನೂರಕ್ಕೆ ಅರವತ್ತೆಂಟು ಬಂದಿದೆ. 'ಪರಿಹಾರ ಕ್ರಮಕ್ಕೆ ಆಡಳಿತದ ಪೂರ್ವಾನುಮತಿ ಪಡೆಯಲಾಗಿದೆಯೇ, ಪ್ರತಿ ಲಗತ್ತಿಸಿ' ಎಂಬ ಕಾಲಮ್ಮು ಖಾಲಿ ಇದ್ದುದರಿಂದ ನಿಯಮದಂತೆ ಇಪ್ಪತ್ತು ಅಂಕ ಕಡಿತ. ಮೇಷ್ಟ್ರು ಕಾಗದ ಕೈಗೆ ಕೊಡುತ್ತ, ಎಂದೂ ಇಲ್ಲದಷ್ಟು ಮೆಲ್ಲಗೆ, "ಮೂವತ್ತು ವರ್ಷದಲ್ಲಿ ನಾನು ಒಡೆದ ಬಾಗಿಲುಗಳಲ್ಲಿ ಒಂದಕ್ಕೂ ಅನುಮತಿ ಇರ್ಲಿಲ್ಲಮ್ಮ. ಆದ್ರೆ ಮಾರ್ಕ್ಸ್ ಹಾಕೋ ಕಾಗದ ಬೇರೆಯವರು ಮಾಡಿರ್ತಾರೆ" ಎಂದರು. ಕೊನೆಯ ಸೆಮಿಸ್ಟರಿಗೆ ನಾನು ಡ್ರಮ್ಮುಗಳನ್ನೇ ತೆಗೆದುಕೊಂಡಿದ್ದೇನೆ. ತಡವಾಯಿತೆಂದು ಗೊತ್ತು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ ಎಂಬ ಗಾದೆ ನಮ್ಮ ಅತ್ತೆಯ ಬಾಯಲ್ಲಿ ಈಗ ದಿನಕ್ಕೆರಡು ಬಾರಿ ಬರುತ್ತದೆ. ಬಂದರೂ, ವರದಿಯ ಪ್ರತಿ ಸಾಲನ್ನೂ ಮೊದಲು ಅವರೇ ಕೇಳಿಸಿಕೊಳ್ಳುತ್ತಾರೆ.

ಇಷ್ಟಾದರೂ ನನ್ನ ಮೇಲಿನ ನೋಟಿಸ್ ಮಾತ್ರ ಜೀವಂತವಾಗಿದೆ. "ಯಜಮಾನರು ಯಜಮಾನರೇ, ಫೈಲು ಫೈಲೇ" ಎಂಬುದು ಸಾಹೇಬರ ನಿಲುವು. ನಿನ್ನೆ ಅದಕ್ಕೊಂದು ಅನುಬಂಧವೂ ಬಂದಿದೆ: ಏಳು ದಿನಗಳೊಳಗೆ ನಾನು ಹಿಂಬಾಗಿಲನ್ನು ಯಥಾಸ್ಥಿತಿಗೆ ತರತಕ್ಕದ್ದು.

ಮಾನ್ಯರೇ, ನಾನು ಆಜ್ಞೆ ಮೀರುವವಳಲ್ಲ. ಯಥಾಸ್ಥಿತಿಗೆ ತರಲು ಸಿದ್ಧಳಿದ್ದೇನೆ. ತಮ್ಮನ್ನು ಹೊತ್ತು ತಂದು ನಿಲ್ಲಿಸುತ್ತೇವೆ, ಪಿನ್ನು ಹೊಡೆಯುತ್ತೇವೆ, ಕೀಲಿನ ಮೇಲೆ ಬಣ್ಣ ಬಳಿಯುತ್ತೇವೆ, ಗಂಟುಗಳನ್ನು ಪೇರಿಸುತ್ತೇವೆ, ಕೀಲಿಕೈಯನ್ನು ದೇವರ ಕೋಣೆಗೆ ಮುಟ್ಟಿಸುತ್ತೇವೆ. ಆದರೆ ಯಥಾಸ್ಥಿತಿ ಎಂದರೆ ಅಷ್ಟಕ್ಕೇ ಮುಗಿಯುವುದಿಲ್ಲವಲ್ಲ. ನಾವು ಇಪ್ಪತ್ತೆರಡು ಮಂದಿ ಒಳಗಿರಬೇಕು, ಆಚೆ ಹಜಾರದಲ್ಲಿ ಡ್ರಮ್ಮಣ್ಣ ಎರಡು ಕೈಯಲ್ಲಿ ಡ್ರಮ್ಮನ್ನು ವಾಲಿಸಿ ಹಿಡಿದು, ಎರಡೂ ಒಂದೇನಾ ಸಾರ್ ಎಂದು ಕೇಳಬೇಕು. ಉತ್ತರ ಹೇಳಲು ಸಾಹೇಬರು ಅಲ್ಲೇ ನಿಂತಿರಬೇಕು. ಈ ಸಲ ಗೇಟಿನ ಕಡೆ ಹೋಗದೆ. ಇಷ್ಟನ್ನು ಒದಗಿಸಿಕೊಡುವಂತೆ ತಾವೇ ಅವರಲ್ಲಿ ಶಿಫಾರಸು ಮಾಡಬೇಕೆಂದು ಕೋರುತ್ತೇನೆ. ಅವರಿಗೂ ತಮಗೂ ಬಹುಕಾಲದ ಹೊಂದಾಣಿಕೆ ಇದೆ, ಮಾತಿಗೆ ಬೆಲೆ ಇದ್ದೀತು.

ತಮ್ಮ ವಿಶ್ವಾಸಿ, ತಮ್ಮನ್ನು ನಂಬಿ ಇನ್ನೊಮ್ಮೆ ಒಳಗೆ ಕೂರಲಾರದ,
ಇಸ್ತ್ರಿ ವಿಭಾಗದ ಮೇಲ್ವಿಚಾರಕಿ
(ಡಿಪ್ಲೊಮಾ, ಕೊನೆಯ ಸೆಮಿಸ್ಟರ್)

ಮರೆತ ಮಾತು: ತಾವಿಲ್ಲದ ಜಾಗದಲ್ಲಿ ಈಗ ಬರಿಯ ಚೌಕಟ್ಟಿದೆ. ಚರಂಡಿಗೆ ಅಡ್ಡ ಎರಡು ಹಲಗೆ ಹಾಕಿಸಿಕೊಂಡಿದ್ದೇವೆ, ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ಹಜಾರದಲ್ಲಿ ಗಾಳಿ ಆಡುತ್ತದೆ, ಮಧ್ಯಾಹ್ನ ನಾವೆಲ್ಲ ಆ ಹೊಸ್ತಿಲ ಬಳಿ ಕೂತು ಉಣ್ಣುತ್ತೇವೆ. ಮೂರು ದಿನದಿಂದ ಸಾಹೇಬರೂ ತಮ್ಮ ಕುರ್ಚಿಯನ್ನು ಅಲ್ಲಿಗೇ ತರಿಸಿಕೊಂಡು, "ಇಲ್ಲಿ ತಂಪಾಗಿದೆಯಲ್ಲಮ್ಮ" ಎನ್ನುತ್ತ ಊಟ ಮಾಡುತ್ತಿದ್ದಾರೆ. ನಿನ್ನೆಯ ಅನುಬಂಧಕ್ಕೆ ಅವರು ಸಹಿ ಹಾಕಿದ್ದೂ ಅಲ್ಲೇ ಕೂತು.